ಮೂರು ಬಾಯಿ ದಾಟಿದ ಮಾತು

ಜನವರಿ 5, ಸೋಮವಾರ

ಶಾಲೆಗೆ ಒಂದು ಮುನ್ನೋಟ ಬೇಕಂತೆ, ಜೊತೆಗೊಂದು ಧ್ಯೇಯ. ಇವತ್ತಿನ ಸಭೆಯಲ್ಲಿ ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಮಂಜುನಾಥಪ್ಪನವರು ಸುತ್ತಲಿನ ಶಾಲೆಗಳ ಮುಖ್ಯ ಶಿಕ್ಷಕರಿಗೆಲ್ಲ ಹನ್ನೆರಡು ಪುಟದ ನಮೂನೆ ಹಂಚಿದರು. ಮೊದಲ ಪುಟದಲ್ಲೇ ಎರಡು ಖಾಲಿ ಚೌಕ. ಮೇಲಿನದರಲ್ಲಿ ಶಾಲೆ ಮುಂದೆ ಏನಾಗಬೇಕು ಅಂತ ಬರೆಯಬೇಕು, ಕೆಳಗಿನದರಲ್ಲಿ ಅದಕ್ಕಾಗಿ ದಿನಾ ಏನು ಮಾಡುತ್ತೇವೆ ಅಂತ. "ಏನು ಬೇಕಾದ್ರೂ ಬರೀರಿ, ಚೌಕ ಖಾಲಿ ಬಿಡಬೇಡಿ. ಶಾಲಾ ಸಮಿತಿಯವರ ಸಹಿ ಮರೀಬೇಡಿ," ಅಂದರು.

ರವಿಶಂಕರ ಮೇಷ್ಟ್ರು ನವೆಂಬರಿನಲ್ಲಿ ನಿವೃತ್ತರಾದ ಮೇಲೆ ಮೇಲುಕೊಪ್ಪ ಶಾಲೆ ನನ್ನ ಕೊರಳಿಗೆ ಬಿದ್ದಿದೆ. ಒಂದರಿಂದ ಏಳು, ಒಟ್ಟು ಮೂವತ್ತೊಂದು ಮಕ್ಕಳು. ಕಲಿಸುವುದಕ್ಕೆ ನಾನು ಮತ್ತು ಅತಿಥಿ ಶಿಕ್ಷಕಿ ಸುಷ್ಮಾ. ಇಂಥ ಶಾಲೆಗೆ ಮುನ್ನೋಟ!

ಸಭೆ ಮುಗಿದ ಮೇಲೆ ಮಂಜುನಾಥಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಹಾಳೆ ಕೊಟ್ಟರು. ಠರಾವಿನ ಕರಡು. ಮೇಲುಕೊಪ್ಪದ ಆರು ಮತ್ತು ಏಳನೇ ತರಗತಿಗಳನ್ನು ಜೂನ್‌ನಿಂದ ಒಂಬತ್ತು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಗೆ ಸೇರಿಸಲು ಸಮಿತಿಯ ಒಪ್ಪಿಗೆ ಇದೆ ಎಂಬ ಒಕ್ಕಣೆ. ಮಾರ್ಚ್ ಕೊನೆಯೊಳಗೆ ಸಹಿ ಆಗಬೇಕು. "ಸಹಿ ಆದ್ರೆ ನೀವು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಬರ್ತೀರಿ, ಊರು ಆರಿಸ್ಕೊಳ್ಳೋಕೆ ಮೊದ್ಲ ಅವಕಾಶ ನಿಮ್ಗೇ. ತೀರ್ಥಹಳ್ಳೀಲಿ ಒಂದು ಜಾಗ ಖಾಲಿ ಇದೆ. ಇನ್ನು ನಾನು ಬಿಡಿಸಿ ಹೇಳ್ಬೇಕಾ ವಿನಯಾ ಮೇಡಂ?" ಅಂದರು.

ಬೇಕಾಗಿರಲಿಲ್ಲ. ನಾಲ್ಕು ವರ್ಷದಿಂದ ಬ್ಯಾಕೋಡಿನ ಬಾಡಿಗೆ ಕೋಣೆಯಲ್ಲಿದ್ದೇನೆ. ಶನಿವಾರ ಮಧ್ಯಾಹ್ನ ಸಾಗರಕ್ಕೊಂದು ಬಸ್ಸು, ಅಲ್ಲಿಂದ ಹೊಸನಗರಕ್ಕೊಂದು, ತೀರ್ಥಹಳ್ಳಿಯ ಮನೆಗೆ ಮೂರನೆಯದು. ಭಾನುವಾರ ಊಟ ಮುಗಿಸಿ ಮತ್ತೆ ಅದೇ ಮೂರು ಬಸ್ಸು. ಮಗಳು ಶ್ರೀಗೌರಿ ನನ್ನನ್ನು ವಾರಕ್ಕೊಮ್ಮೆ ಬರುವ ನೆಂಟರ ಥರ ನೋಡಲು ಶುರುಮಾಡಿದ್ದಾಳೆ. ಸಂಜೆ ಫೋನಿನಲ್ಲಿ "ಜೂನಿಗೆ ಪೂರ್ತಿ ಬಂದ್ಬಿಡ್ತಿ ಪುಟ್ಟಿ" ಅಂದೆ. ಅವಳು ಕಿರುಚಿದ್ದು ಕೇಳಿ ಗಂಡ ಶ್ರೀಕರ ಗಾಬರಿಯಾಗಿ ಫೋನು ಕಿತ್ತುಕೊಂಡ.

ಎರಡೂ ಕಾಗದ ಒಂದೇ ಫೈಲಿನಲ್ಲಿಟ್ಟಿದ್ದೇನೆ. ಒಂದೇ ಸಭೆ, ಎರಡು ಸಹಿ. ಮುಗಿಯಿತು.

ಜನವರಿ 8, ಗುರುವಾರ

ಸುಷ್ಮಾ ಫೋನಿನಲ್ಲಿ ಹುಡುಕಿ ಐದಾರು ಶಾಲೆಗಳ ಮುನ್ನೋಟ ತೋರಿಸಿದಳು. ಎಲ್ಲವೂ ಅಕ್ಕತಂಗಿಯರೇ. ಬೆಂಗಳೂರಿನ ಯಾವುದೋ ಶಾಲೆಯದನ್ನು ಆರಿಸಿ ಕನ್ನಡಕ್ಕೆ ಇಳಿಸಿದೆ. "ಇಪ್ಪತ್ತೊಂದನೇ ಶತಮಾನದ ಸವಾಲುಗಳಿಗೆ ಸ್ಪಂದಿಸುವ ಜಾಗತಿಕ ನಾಗರಿಕರನ್ನು ಸಮಗ್ರ ಹಾಗೂ ಮೌಲ್ಯಾಧಾರಿತ ಶಿಕ್ಷಣದ ಮೂಲಕ ರೂಪಿಸುವುದು." ನನ್ನ ಅಕ್ಷರ ಚೆಂದ, ಅದು ನನಗೂ ಗೊತ್ತು. ಚೌಕದೊಳಗೆ ಬರೆದ ಮೇಲೆ ಒಂದು ತೂಕ ಬಂತು.

"ಮೇಡಂ, ಇದು ಯಾರ ಬಗ್ಗೆ?" ಅಂದಳು ಸುಷ್ಮಾ. ನೇಮಕಾತಿ ಪರೀಕ್ಷೆಗೆ ಓದುತ್ತಿರುವ ಹುಡುಗಿ, ಎಲ್ಲಕ್ಕೂ ಪ್ರಶ್ನೆ.

ಜನವರಿ 17, ಶನಿವಾರ

ಸಹಿ ಆಗಲಿಲ್ಲ. ಮೂರು ಬಸ್ಸಿನಲ್ಲಿ ಮೊದಲನೆಯದು ತಪ್ಪಿತು, ಈಗ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಸಮಿತಿಯ ಒಂಬತ್ತು ಜನ ಬಂದಿದ್ದರು. ಅಧ್ಯಕ್ಷ ಪೂರ್ಣೇಶ್, ಗೂಡ್ಸ್ ಆಟೋ ಓಡಿಸುವವರು, ಅವರ ಮಗಳು ಐದನೇ ತರಗತಿ. ಬಿಸಿಯೂಟದ ಹುಲಿಯಮ್ಮ ಸಮಿತಿಯಲ್ಲಿಲ್ಲ, ಆದರೂ ಬಾಗಿಲಿಗೆ ಒರಗಿ ನಿಂತೇ ಇರುತ್ತಾರೆ. ನಾನು ಪೆನ್ನಿನ ಮುಚ್ಚಳ ತೆಗೆದು ಫೈಲು ಮುಂದಿಟ್ಟೆ.

"ಮೇಡಂ, ನಮ್ಮೂರಲ್ಲಿ ಹಂಗೆ ಸಹಿ ಹಾಕಾದಿಲ್ಲ. ಬಾಯಿ ದಾಟ್ಬೇಕು," ಅಂದರು ಪೂರ್ಣೇಶ್.

ಹಾಗೆಂದರೆ ಇಷ್ಟು. ಕಾಗದ ತಂದವರು ಗಟ್ಟಿಯಾಗಿ ಓದಬೇಕು, ಅದು ಒಂದು ಬಾಯಿ. ಕೇಳಿದವರಲ್ಲಿ ಒಬ್ಬರು ಹೊರಗೆ ಹೋಗಿ, ಓದಿದ್ದನ್ನು ಕೇಳಿರದ ಇನ್ನೊಬ್ಬರಿಗೆ ತಮ್ಮ ಮಾತಿನಲ್ಲಿ ಹೇಳಬೇಕು, ಅದು ಎರಡು. ಆ ಇನ್ನೊಬ್ಬರು ಒಳಗೆ ಬಂದು ಕಾಗದದಲ್ಲಿ ಏನಿದೆ ಅಂತ ಎಲ್ಲರ ಮುಂದೆ ಹೇಳಬೇಕು. ಮೂರನೇ ಬಾಯಿಯಲ್ಲಿ ಬಂದದ್ದು ಕಾಗದದ ಮಾತಿಗೆ ಹೊಂದಿದರೆ ಸಹಿ, ಇಲ್ಲದಿದ್ದರೆ ಕಾಗದ ವಾಪಸ್ಸು. ರವಿಶಂಕರ ಮೇಷ್ಟ್ರು ಸಭೆಯ ದಿನ ಸುಮ್ಮನೆ ಹೊತ್ತು ಕಳೆಯುತ್ತಾರೆ ಅಂತ ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಅವರು ಮಾಡುತ್ತಿದ್ದದ್ದು ಇದನ್ನೇ.

ಓದಿದೆ. ಪೂರ್ಣೇಶ್ ಹೊರಗೆ ಹೋಗಿ ಯಮುನಮ್ಮನಿಗೆ ಹೇಳಿ ಬಂದರು. ಆರನೇ ತರಗತಿಯ ಲಕ್ಷ್ಮೀಯ ತಾಯಿ ಯಮುನಮ್ಮ, ಮಾತು ಕಡಿಮೆ. ಒಳಗೆ ಬಂದು ಸೆರಗು ಸರಿಮಾಡಿಕೊಂಡು, "ಮಕ್ಳನ್ನ ಬೇರೆ ದೇಶಕ್ಕೆ ಕಳಿಸ್ತಾರಂತೆ. ಅಲ್ಲೆಂತದೋ ತೊಂದ್ರೆ ಆಗೈತಂತೆ. ಆಮೇಲೆ ಈಜಕ್ಕೆ ಒಂದು ಕೊಳ ಕಟ್ಟುಸ್ತಾರಂತೆ," ಅಂದರು.

ಕೊಳ ಎಲ್ಲಿಂದ ಬಂತು ಅಂತ ನೋಡಿದರೆ ಧ್ಯೇಯದ ಚೌಕದಲ್ಲಿ "ವಿಶ್ವದರ್ಜೆಯ ಈಜುಕೊಳ ಹಾಗೂ ಕ್ರೀಡಾ ಸೌಲಭ್ಯ" ಅಂತ ನನ್ನ ಚೆಂದದ ಅಕ್ಷರದಲ್ಲೇ ಇದೆ. ನಕಲು ಮಾಡುವಾಗ ಕಣ್ಣು ಎಲ್ಲಿತ್ತೋ!

"ಮೂರು ಕಡೆ ಹಿನ್ನೀರು ಐತಲ್ಲ ಅಕ್ಕೋರೇ. ಇನ್ನೊಂದು ಗುಂಡಿ ಎಂತಕ್ಕೆ?" ಅಂದರು ಹುಲಿಯಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಠರಾವು ಫೈಲಿನಿಂದ ಹೊರಗೆ ಬರಲೇ ಇಲ್ಲ.

ಜನವರಿ 19, ಸೋಮವಾರ

ಈ ಬಾಯಿ ದಾಟಿಸುವ ಪದ್ಧತಿ ಎಲ್ಲಿಂದ ಬಂತು? ಎರಡು ದಿನದಿಂದ ತಲೆಯಲ್ಲಿ ಅದೇ. ಬೆಳಿಗ್ಗೆ ಹುಲಿಯಮ್ಮ ಅಕ್ಕಿ ಆರಿಸುತ್ತಿದ್ದಾಗ ನಾನೂ ಒಂದು ಮೊರ ತೆಗೆದುಕೊಂಡು ಕೂತೆ.

ಅಣೆಕಟ್ಟಿನ ಮುಳುಗಡೆಯ ಕಾಲದ ಕಥೆ. ಹುಲಿಯಮ್ಮ ಇನ್ನೂ ಹುಟ್ಟಿರಲಿಲ್ಲ. ಅವರ ಅಪ್ಪ ಸುಬ್ಬಪ್ಪ ಆಗ ನೀರಿನಡಿ ಹೋದ ಕೆಳಗಿನ ಊರಿನಲ್ಲಿದ್ದರು. ಮನೆ ಎಷ್ಟು, ಜನ ಎಷ್ಟು ಅಂತ ಬರೆದುಕೊಳ್ಳುವ ಕಾಗದ ಅಂತ ಹೇಳಿ ಒಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡನಂತೆ. ಅದರಲ್ಲಿ ಇದ್ದದ್ದು, ನಾವಾಗಿಯೇ ಊರು ಬಿಡುತ್ತೇವೆ, ಬದಲಿಗೆ ಇಂಥದ್ದೇ ಜಾಗ ಬೇಕು ಅಂತ ಕೇಳುವುದಿಲ್ಲ ಅಂತ. ಅದು ಗೊತ್ತಾದದ್ದು ನೀರು ಅಂಗಳಕ್ಕೆ ಬಂದ ಮೇಲೆ.

"ಕಾಗದ ತಂದವ ಯಾರು?" ಅಂದೆ.

"ನಮ್ಮವ್ನೇ. ನಮ್ಮಪ್ಪನ ಸೋದರಮಾವನ ಮಗ. ಊರಲ್ಲಿ ಓದು ಬರ್ತಿದ್ದದ್ದು ಅವ್ನೊಬ್ಬಂಗೆ. ಅವ್ನಿಗೆ ಅದ್ರಿಂದ ಸಾಗರದಲ್ಲಿ ಒಂದು ಜಾಗ ಆತು." ಹುಲಿಯಮ್ಮ ಒಂದು ಕಲ್ಲು ಆರಿಸಿ ಎಸೆದರು. "ನಮ್ಮಪ್ಪಂಗೆ ಸಿಟ್ಟು ಇದ್ದದ್ದು ಅವನ ಮೇಲಲ್ಲ ಅಕ್ಕೋರೇ. ಕಾಗದ ಓದುವಾಗ ಎಂತಾ ತಿಳೀದಿದ್ರೂ ಹೂಂ ಹೂಂ ಅಂದೆ ಅಂತ ತನ್ ಮೇಲೇ. ಸಾಯೋ ತನ್ಕ ಅದನ್ನೇ ಹೇಳ್ತಿದ್ದ."

ಮೇಲೆ ಬಂದು ಹೊಸ ಊರು ಕಟ್ಟಿಕೊಂಡವರು ಮೊದಲು ಮಾಡಿಕೊಂಡ ಕಟ್ಟಳೆ ಇದಂತೆ. ಎಂಥ ಜನ! ಅಕ್ಕಿ ಆರಿಸುವ ಕೆಲಸ ಮಾತ್ರ ನನಗೆ ಬರುವುದಿಲ್ಲ ಅಂತ ಹುಲಿಯಮ್ಮ ಮೊರ ವಾಪಸ್ಸು ತೆಗೆದುಕೊಂಡರು.

ಜನವರಿ 27, ಮಂಗಳವಾರ

ನಕಲು ಹರಿದು ಹಾಕಿದೆ. ಎದುರು ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ. ಶಾಲೆ ಯಾತಕ್ಕೆ?

ಎರಡನೇ ತರಗತಿಯ ಗಣೇಶ್: "ಮನೇಲಿದ್ರೆ ಅಜ್ಜಿ ಬೈತದೆ." ನಾಲ್ಕನೆಯವರು ಒಕ್ಕೊರಲಿನಿಂದ: "ಆಟದ ಪೀರಿಯಡ್ಡಿಗೆ!" ಪೂರ್ಣೇಶ್: "ನನ್ ಮಗ್ಳು ಕಂಪ್ಯೂಟರ್ ಕಲೀಬೇಕು ಮೇಡಂ, ಅಷ್ಟೆ. ದೊಡ್ಡ ಶಾಲೇಲಿ ಐತಂತೆ ಅದು." ಯಮುನಮ್ಮ ಬಹಳ ಹೊತ್ತು ಯೋಚಿಸಿ, "ಆಸ್ಪತ್ರೇಲಿ ಡಾಕ್ಟ್ರು ಎಂತೆಂತದೋ ಹೇಳ್ತಾರಲ್ಲ, ಆವಾಗ ಮತ್ತೊಂದ್ಸಲ ಹೇಳಿ ಅನ್ನೋ ಧೈರ್ಯ ಬೇಕು. ನಂಗೆ ಅದು ಬರ್ಲಿಲ್ಲ," ಅಂದರು. ಇದನ್ನು ಎರಡು ಸಲ ಗೆರೆ ಎಳೆದು ಬರೆದುಕೊಂಡೆ.

ನನ್ನ ಉತ್ತರ ಏನು? ಇಪ್ಪತ್ತೆರಡು ವರ್ಷದ ಸರ್ವಿಸು, ಒಮ್ಮೆಯೂ ಯಾರೂ ಕೇಳಿರಲಿಲ್ಲ.

ಫೆಬ್ರವರಿ 1, ಭಾನುವಾರ, ತೀರ್ಥಹಳ್ಳಿ

ಶ್ರೀಗೌರಿಯ ಶಾಲೆಯಲ್ಲೂ ಮುನ್ನೋಟ ಇದೆಯಂತೆ, ಗಾಜಿನ ಚೌಕಟ್ಟಿನಲ್ಲಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ದೋಸೆ ತಿನ್ನುತ್ತಲೇ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಅರ್ಥ ಎಂತ?" ಅಂದೆ.

"ಎಂಗೆ ಗೊತ್ತಿಲ್ಲೆ. ಅಸೆಂಬ್ಲಿಲಿ ಹೇಳದು ಅಷ್ಟೆಯ."

ಆರನೇ ತರಗತಿಯ ಹುಡುಗಿ, ತೊಂಬತ್ತರ ಮೇಲೆ ಅಂಕ. "ಟೀಚರ್ ಹತ್ರ ಕೇಳಿದ್ಯಾ?" ಅಂದರೆ ನಕ್ಕುಬಿಟ್ಟಳು. "ಕೇಳಿದ್ರೆ ಎಲ್ಲರೂ ನೆಗಾಡ್ತ ಅಮ್ಮ." ಶ್ರೀಕರ ಪೇಪರಿನ ಹಿಂದಿನಿಂದ, "ರಜಾದಿನನೂ ಪರೀಕ್ಷೆ ಮಾಡಡ ಮಾರಾಯ್ತಿ," ಅಂದ. ಸೊಸೈಟಿಯಲ್ಲಿ ದಿನವಿಡೀ ಕಾಗದ ನೋಡುವವನಿಗೆ ಮನೆಯಲ್ಲೂ ಅದೇ ಮಾತು ಅಂದರೆ ಬೇಜಾರು. ತಪ್ಪಲ್ಲ.

ಜೂನಿಗೆ ತನ್ನ ಕೋಣೆಯಲ್ಲಿ ನನಗೂ ಒಂದು ಮೇಜು ಇಡುವುದಂತೆ. ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿದಳು.

ಫೆಬ್ರವರಿ 6, ಶುಕ್ರವಾರ

ಇವತ್ತು ತರಗತಿಯಲ್ಲಿ ನಡೆದದ್ದನ್ನು ಬರೆಯಲು ನಾಚಿಕೆ. ಆದರೂ ಬರೆಯಬೇಕು.

ಆರನೇ ತರಗತಿಗೆ ಭಿನ್ನರಾಶಿ ಶುರುಮಾಡಿ ಮೂರು ವಾರ. ದಿನಾ ಕೊನೆಗೆ "ಅರ್ಥ ಆಯ್ತಾ?" ಅನ್ನುತ್ತೇನೆ. "ಆಯ್ತು ಮೇಡಂ" ಅಂತ ಆರು ಮಕ್ಕಳೂ ರಾಗವಾಗಿ ಹೇಳುತ್ತವೆ. ಆ ರಾಗ ನನಗೆ ಹಿತವಾಗಿಯೇ ಇತ್ತು. ಇವತ್ತು ಸುಮ್ಮನೆ ಕುತೂಹಲಕ್ಕೆ ಬಾಯಿ ದಾಟಿಸಿ ನೋಡಿದೆ. ಅರ್ಧ ಮತ್ತು ಕಾಲನ್ನು ಕೂಡಿಸುವುದು ಹೇಗೆ ಅಂತ ಹೇಳಿಕೊಟ್ಟು, ಒಬ್ಬಳನ್ನು ಹೊರಗೆ ಕಳಿಸಿ, ಅಲ್ಲಿದ್ದ ಇನ್ನೊಬ್ಬಳಿಗೆ ಹೇಳಲು ಹೇಳಿದೆ. ಆ ಇನ್ನೊಬ್ಬಳು ಬಂದು ಬೋರ್ಡಿನ ಮೇಲೆ ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಆರರಲ್ಲಿ ಎರಡು ಅಂತ ಬರೆದಳು. ಜೋಡಿ ಬದಲಿಸಿದೆ. ಮತ್ತೆ ಅದೇ. ಆರು ಜನರಲ್ಲಿ ಐವರಿಗೆ ಮೂರು ವಾರದಿಂದ ಏನೂ ತಿಳಿದಿಲ್ಲ. ತಿಳಿದ ಒಬ್ಬಳಿಗೆ ಅವಳ ಅಪ್ಪ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ.

"ಯಾಕೆ ಹೇಳ್ಲಿಲ್ಲ?" ಅಂದೆ, ಸ್ವಲ್ಪ ಜೋರಾಗಿಯೇ.

ಯಮುನಮ್ಮನ ಲಕ್ಷ್ಮೀ ನೆಲ ನೋಡುತ್ತ, "ನೀವು ಆಯ್ತಾ ಅಂತ ಕೇಳ್ತೀರಿ. ಆಗಿಲ್ವಾ ಅಂತ ಕೇಳೋದಿಲ್ಲ," ಅಂದಳು.

ನಿವೃತ್ತಿಯ ತನಕ ನೆನಪಿರುತ್ತದೆ ಈ ಮಾತು.

ಫೆಬ್ರವರಿ 10, ಮಂಗಳವಾರ

ಅರ್ಧ, ಕಾಲು ಮತ್ತೆ ಮೊದಲಿಂದ. ಹುಲಿಯಮ್ಮನ ರೊಟ್ಟಿ ಹರಿದು ಹರಿದು. ಇವತ್ತು ನಾಲ್ಕು ಜನಕ್ಕೆ ಬಂತು.

ಫೆಬ್ರವರಿ 12, ಗುರುವಾರ

ಆರೂ ಜನಕ್ಕೆ! ಲಕ್ಷ್ಮೀ ಐದನೆಯವರಿಗೂ ಕಲಿಸಲು ಹೊರಟಿದ್ದಾಳೆ. ಐದನೆಯವರಿಗೆ ಅದು ಈ ವರ್ಷ ಇಲ್ಲ ಅಂದರೂ ಕೇಳುವುದಿಲ್ಲ.

ಫೆಬ್ರವರಿ 14, ಶನಿವಾರ

ಎರಡು ಸಾಲು ಬರೆದುಕೊಂಡು ಹೋಗಿದ್ದೆ.

ಮುನ್ನೋಟ: ತಿಳಿಯಲಿಲ್ಲ ಎಂದು ಯಾವ ಮಗುವೂ ಹೆದರದೆ ಹೇಳುವ ಶಾಲೆ ನಮ್ಮದಾಗಬೇಕು.

ಧ್ಯೇಯ: ಕಲಿತ ಮಗು ಇನ್ನೊಂದು ಮಗುವಿಗೆ ಹೇಳಿಕೊಡುವ ತನಕ ಪಾಠ ಮುಗಿಯಿತು ಅನ್ನುವುದಿಲ್ಲ.

ಓದಿದೆ. ಪೂರ್ಣೇಶ್ ಹೊರಗೆ ಹೋದರು. ಯಮುನಮ್ಮ ಒಳಗೆ ಬಂದು, ಈ ಸಲ ಸೆರಗು ಗಿರಗು ಮುಟ್ಟದೆ, ನೇರವಾಗಿ ಹೇಳಿದರು. "ನಮ್ ಮಕ್ಳು ಬರೇ ಹೂಂ ಅನ್ನಾದಿಲ್ಲ. ತಿಳೀಲಿಲ್ಲ ಅಂದ್ರೆ ತಿಳೀಲಿಲ್ಲ ಅಂತಾವೆ. ಒಂದು ಕಲ್ತದ್ದು ಇನ್ನೊಂದಕ್ಕೆ ಕಲ್ಸ್‌ತೈತೆ. ಅಲ್ಲಿ ತನ್ಕ ಅಕ್ಕೋರು ಬಿಡಾದಿಲ್ಲ."

ಯಾರೋ ಚಪ್ಪಾಳೆ ಹೊಡೆದರು. ಹುಲಿಯಮ್ಮ ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡರು, ಒಲೆಯ ಹೊಗೆ ಅಂದರು. ಒಲೆ ಆರಿಸಿ ಎರಡು ಗಂಟೆಯಾಗಿತ್ತು. ಒಂಬತ್ತು ಜನವೂ ಸಹಿ ಹಾಕಿದರು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಆಗ ಪೂರ್ಣೇಶ್, "ಇನ್ನೆಂತಾದ್ರೂ ಸಹಿ ಐತಾ ಮೇಡಂ? ಎಲ್ರೂ ಅದೀವಿ. ನೀವು ತಂದದ್ದಕ್ಕೆ ಇನ್ನು ಬಾಯಿ ದಾಟ್ಸಾದೆಂತಕ್ಕೆ, ಇದ್ರೆ ಒಟ್ಟಿಗೇ ಹಾಕ್ಬಿಡ್ತೀವಿ," ಅಂದರು. ಉಳಿದವರೂ ಹೌದೆಂದರು.

ಠರಾವು ಅದೇ ಫೈಲಿನಲ್ಲಿತ್ತು, ಮುನ್ನೋಟದ ಹಾಳೆಯ ಕೆಳಗೆ. ತೆಗೆದು ಮುಂದಿಟ್ಟಿದ್ದರೆ ಸಾಕಿತ್ತು. ಒಂದು ನಿಮಿಷದ ಕೆಲಸ.

"ಇಲ್ಲ, ಇಷ್ಟೇ," ಅಂದೆ.

ಯಾಕೆ ಹಾಗಂದೆನೋ. ಬಹುಶಃ ಬಸ್ಸಿಗೆ ಹೊತ್ತಾಗಿತ್ತು ಅಂತ. ಇನ್ನೂ ಒಂದೂವರೆ ತಿಂಗಳಿದೆಯಲ್ಲ.

ಫೆಬ್ರವರಿ 20, ಶುಕ್ರವಾರ

ಮಂಜುನಾಥಪ್ಪನವರ ಫೋನು. ಮುನ್ನೋಟ ಓದಿದರಂತೆ. "ಚೆನ್ನಾಗಿದೆ ಮೇಡಂ, ಆದ್ರೆ ಚಿಕ್ಕದಾಯ್ತು. ಚೌಕ ಅರ್ಧ ಖಾಲಿ ಕಾಣ್ತದೆ. ಜಾಗತಿಕ ಅಂತ ಎಲ್ಲಾದ್ರೂ ಒಂದು ಕಡೆ ಸೇರ್ಸಿ." ಸೇರಿಸಿದರೆ ಮತ್ತೆ ಮೂರು ಬಾಯಿ ದಾಟಬೇಕು ಅಂದೆ. ಅವರಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತ ಅವರೂ ಹೇಳಲಿಲ್ಲ.

"ಠರಾವು ಎಲ್ಲಿಗೆ ಬಂತು? ತೀರ್ಥಹಳ್ಳಿ ಜಾಗಕ್ಕೆ ಇನ್ನಿಬ್ರು ಕಣ್ಣು ಹಾಕಿದ್ದಾರೆ, ನೋಡಿ." ಒಳ್ಳೆಯ ಮನುಷ್ಯ, ನನ್ನ ಹಿತಕ್ಕೇ ಹೇಳುವುದು. ಮಾಡಿಸುತ್ತೇನೆ ಅಂದೆ.

ಫೆಬ್ರವರಿ 28, ಶನಿವಾರ

ಈ ವಾರ ಊರಿಗೆ ಹೋಗಲಿಲ್ಲ. ಏಳನೆಯವರು ಪರೀಕ್ಷೆಗೆ ಮೊದಲು ತಮ್ಮ ತಮ್ಮಲ್ಲೇ ಪಾಠ ಹೇಳಿಕೊಳ್ಳುತ್ತೇವೆ, ನೀವೂ ಬನ್ನಿ ಅಂದರು. ಹಿನ್ನೀರು ಇಳಿದು ದಡ ಅಗಲವಾಗಿದೆ. ಮತ್ತಿಮರದ ನೆರಳಿನಲ್ಲಿ ಕೂತು ಗ್ರಹಣ ಹೇಗಾಗುತ್ತದೆ ಅಂತ ಒಂದು ನಿಂಬೆಹಣ್ಣು, ಒಂದು ಕುಂಬಳಕಾಯಿ ಹಿಡಿದು ಹೊತ್ತು ಹೋದದ್ದೇ ತಿಳಿಯಲಿಲ್ಲ.

ಶ್ರೀಗೌರಿ ಫೋನಿನಲ್ಲಿ ಮಾತಾಡಲಿಲ್ಲ. ಅಪ್ಪನ ಹತ್ತಿರ "ಓದ್ತಾ ಇದ್ದಿ ಹೇಳು" ಅಂದದ್ದು ಕೇಳಿಸಿತು.

ಮಾರ್ಚ್ 9, ಸೋಮವಾರ

ನಿನ್ನೆ ಊರಿನಲ್ಲಿ ಶ್ರೀಕರ ನೇರವಾಗಿ ಕೇಳಿದ. "ಸಹಿ ಹಾಕ್ಸಲೆ ಎಂತ ಅಡ್ಡಿ?" ಅಡ್ಡಿ ಏನೂ ಇಲ್ಲ ಅಂದೆ. "ಓದಿ ಹೇಳಕು ಅಷ್ಟೆಯ." "ಹಂಗಾರೆ ಓದಿ ಹೇಳು. ದೊಡ್ಡ ಶಾಲೆ ಒಳ್ಳೇದೇ ಅಲ್ದ?" ಅಂದ.

ಒಳ್ಳೆಯದೇ ಇರಬಹುದು. ಕಂಪ್ಯೂಟರಿದೆ, ವಿಷಯಕ್ಕೊಬ್ಬರು ಮೇಷ್ಟ್ರಿದ್ದಾರೆ. ನಮ್ಮ ಹನ್ನೊಂದು ಮಕ್ಕಳಿಗೆ ಅದು ಬೇಡ ಅನ್ನಲು ನಾನು ಯಾರು? ಹಾಗಾದರೆ ಎರಡು ತಿಂಗಳಿಂದ ಆ ಹಾಳೆಯನ್ನು ಯಾಕೆ ಮುಚ್ಚಿಟ್ಟುಕೊಂಡಿದ್ದೇನೆ? ವಾಪಸ್ಸು ಬರುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಆರಿಹೋದ ಮೇಲೆ ಉತ್ತರ ಸಿಕ್ಕಿತು. ಹುಲಿಯಮ್ಮನ ಅಪ್ಪನ ಹತ್ತಿರ ಕಾಗದ ತಂದವನಿಗೂ ಊರಿನ ಮೇಲೆ ದ್ವೇಷ ಇರಲಿಲ್ಲ. ಅವನಿಗೆ ಸಾಗರ ಬೇಕಿತ್ತು, ನನಗೆ ತೀರ್ಥಹಳ್ಳಿ.

ಶನಿವಾರ ಸಭೆ ಕರೆದಿದ್ದೇನೆ.

ಮಾರ್ಚ್ 14, ಶನಿವಾರ

ಠರಾವು ಓದಿದೆ. ಪೂರ್ತಿ, ಗಟ್ಟಿಯಾಗಿ, "ಒಮ್ಮತದಿಂದ" ಅನ್ನುವಲ್ಲಿ ಸ್ವಲ್ಪ ತಡವರಿಸಿ.

ಪೂರ್ಣೇಶ್ ಎದ್ದು ಹೊರಗೆ ಹೋದರು. ಅವರಿಗೆ ಅರ್ಥವಾಗಿತ್ತು, ಕಟ್ಟಳೆ ಅಂತ ಹೋದದ್ದು. ಸ್ವಲ್ಪ ಹೊತ್ತಿಗೆ ಯಮುನಮ್ಮ ಒಳಗೆ ಬಂದರು.

"ಆರನೇ ಏಳನೇ ಮಕ್ಳನ್ನ ದೊಡ್ಡ ಶಾಲೆಗೆ ಕಳಿ‌ಸಕ್ಕೆ ನಾವೆಲ್ಲಾ ಖುಷಿಯಿಂದ ಒಪ್ಪೀವಿ ಅಂತೈತೆ. ವಾಹನ ಸಿಕ್ರೆ ಕೊಡ್ತಾರಂತೆ. ಸಿಗದಿದ್ರೆ ಎಂತ ಮಾಡಾದು ಅಂತ ಬರ್ದಿಲ್ಲ." ನನ್ನ ಕಡೆ ತಿರುಗಿದರು. "ಅಕ್ಕೋರು ಎಂತ ಆಗ್ತಾರೆ ಅಂತಾನೂ ಬರ್ದಿಲ್ಲ."

ಮೂರನೇ ಬಾಯಿಗೆ ಇದೂ ಗೊತ್ತಾಗುತ್ತದೆಂದು ನನಗೆ ತಿಳಿದಿರಲಿಲ್ಲ.

"ಇದಕ್ಕೆ ಸಹಿ ಬಿದ್ರೆ ನನಗೆ ತೀರ್ಥಹಳ್ಳಿ ಸಿಗ್ತದೆ. ನನ್ನ ಮಗಳು ಅಲ್ಲಿದ್ದಾಳೆ," ಅಂದೆ.

ಪೂರ್ಣೇಶ್ ಬಾಗಿಲಿನಿಂದ, "ಈ ಕಾಗದ ಯಾವಾಗ ಬಂತು ಮೇಡಂ?" ಅಂದರು.

"ಜನವರಿ ಐದಕ್ಕೆ."

ಹುಲಿಯಮ್ಮ ಮುಂದೆ ಬಂದರು. "ಅವತ್ತು ಇವ್ರೆಲ್ಲ, ಓದಾದೇ ಬ್ಯಾಡ, ಸಹಿ ಹಾಕ್ತೀವಿ ಅಂದ್ರಲ್ಲ. ಅವತ್ತು ಇದು ಆ ಫೈಲಲ್ಲೇ ಇತ್ತಾ?"

"ಇತ್ತು."

ಹುಲಿಯಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಡುಗೆಕೋಣೆಗೆ ಹೋದರು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಸಭೆ ಮುಗಿಯುವ ತನಕ ಕೇಳುತ್ತಿತ್ತು. ನನಗೆ ಅಲ್ಲೇ ಅಳು ಬಂತು, ಅಳಲಿಲ್ಲ.

ಚರ್ಚೆ ಒಂದು ಗಂಟೆ ನಡೆಯಿತು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪೂರ್ಣೇಶ್‌ಗೆ ಕಂಪ್ಯೂಟರಿನ ಆಸೆ ಇದೆ, ಅದನ್ನು ಮುಚ್ಚಿಡಲಿಲ್ಲ. ಯಮುನಮ್ಮನಿಗೆ ಒಂಬತ್ತು ಕಿಲೋಮೀಟರ್ ಕಾಡುದಾರಿಯ ಚಿಂತೆ. ಕೊನೆಗೆ ನಾನೇ ಬರೆದುಕೊಂಡ ತೀರ್ಮಾನ ಇದು: ವಾಹನ ದಿನಾ ಬರುತ್ತದೆ ಅಂತ ಮೊದಲು ಬರಹದಲ್ಲಿ ಕೊಡಲಿ, ಆಮೇಲೆ ಕೂತು ಮಾತಾಡೋಣ. ಅಲ್ಲಿಯ ತನಕ ಆರು, ಏಳು ಇಲ್ಲೇ. ಅದೂ ಮೂರು ಬಾಯಿ ದಾಟಿತು. ಒಂಬತ್ತು ಸಹಿ.

ಹೊರಡುವಾಗ ಪೂರ್ಣೇಶ್, "ನೀವು ಓದದಿದ್ರೂ ನಡೀತಿತ್ತು ಮೇಡಂ," ಅಂದರು. ಬೈಗುಳವೋ ಇನ್ನೇನೋ ಗೊತ್ತಾಗಲಿಲ್ಲ.

ಮಾರ್ಚ್ 16, ಸೋಮವಾರ

ಮಂಜುನಾಥಪ್ಪನವರಿಗೆ ತೀರ್ಮಾನ ಕಳಿಸಿದೆ. "ಅಯ್ಯೋ ಮೇಡಂ" ಅಂತ ಒಂದೇ ಮಾತು ಬಂತು ವಾಟ್ಸ್ಆ್ಯಪ್‌ನಲ್ಲಿ. ತೀರ್ಥಹಳ್ಳಿಯ ಜಾಗ ಈ ವಾರದಲ್ಲೇ ಬೇರೆಯವರ ಪಾಲಾಗುತ್ತದೆ.

ಹುಲಿಯಮ್ಮ ಅನ್ನ ಬಡಿಸಿದರು, ಮಾತಾಡಲಿಲ್ಲ. ಸಾರು ಬೇಕಾ ಅಂತಲೂ ಕೇಳಲಿಲ್ಲ.

ಮಾರ್ಚ್ 17, ಮಂಗಳವಾರ

ಊಟ ಮುಗಿದ ಮೇಲೆ ಹುಲಿಯಮ್ಮ ಒಂದು ಕಾಗದ ತಂದರು. ಅಡುಗೆಯವರ ಆರೋಗ್ಯ ತಪಾಸಣೆಯ ಫಾರಂ. ನನ್ನನ್ನು ದಾಟಿ ಸುಷ್ಮಾಳ ಮುಂದಿಟ್ಟು, "ಓದಿ," ಅಂದರು. ಚುರುಕ್ಕೆಂದಿತು. ಆಗಬೇಕಾದದ್ದೇ ಅಂದುಕೊಂಡು ಎದ್ದೆ.

"ಅಕ್ಕೋರೇ, ನೀವು ಹೊರಗೆ ನಿಂತಿರಿ. ಹೋಗ್ಬಿಡ್ಬೇಡಿ," ಅಂದರು ಹಿಂದಿನಿಂದ. ಸುಷ್ಮಾ ಓದಿದಳು, ಹುಲಿಯಮ್ಮ ಹೊರಗೆ ಬಂದು ನನಗೆ ಹೇಳಿದರು, ನಾನು ಒಳಗೆ ಹೋಗಿ ಹೇಳಬೇಕು. ಮೂರನೇ ಬಾಯಿ ನಾನು. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು, ಆದರೂ ಒಂದು ದಿನಾಂಕ ತಪ್ಪಿ ಹೇಳಿದೆ. ಹುಲಿಯಮ್ಮ ನನ್ನನ್ನು ಮತ್ತೆ ಹೊರಗೆ ಕಳಿಸಿ, ಮೊದಲಿಂದ ಹೇಳಿಸಿದರು. ಆಮೇಲೆ ಸಹಿ ಹಾಕಿದರು.

ಮಾರ್ಚ್ 19, ಗುರುವಾರ, ಯುಗಾದಿ, ತೀರ್ಥಹಳ್ಳಿ

ಬೇವು ಬೆಲ್ಲ ಕೊಟ್ಟ ಮೇಲೆ ಶ್ರೀಗೌರಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಜೂನಿಗೆ ಬರುವುದಿಲ್ಲ ಅಂತ ಮೊದಲು, ಯಾಕೆ ಅಂತ ಆಮೇಲೆ. ಶ್ರೀಕರನಿಗೆ ಮೊನ್ನೆಯೇ ಹೇಳಿದ್ದೆ. ಅವನಿಗೂ ಬೇಜಾರಾಗಿದೆ.

"ನೀ ಹೇಳದೇ ಸಹಿ ಹಾಕ್ಸಿದ್ರೆ ಅವ್ಕೆ ಗೊತ್ತಾಗ್ತಿತ್ತಾ?" ಅಂದಳು ಶ್ರೀಗೌರಿ.

"ಜೂನಿಗೆ ಗೊತ್ತಾಗ್ತಿತ್ತು."

"ಅಷ್ಟೊತ್ತಿಗೆ ನೀ ಇಲ್ಲಿ ಇರ್ತಿದ್ದೆ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಳಿಗೆ ಊಟಕ್ಕೂ ಬರಲಿಲ್ಲ. ನಾನು ಹಿತ್ತಿಲಿನ ಕಲ್ಲಿನ ಮೇಲೆ ಕೂತು ಅತ್ತೆ. ಯಾವ ಮಕ್ಕಳಿಗೋಸ್ಕರ ಯಾವ ಮಗುವನ್ನು ನೋಯಿಸಿದೆ ಅಂತ ಲೆಕ್ಕ ಹಾಕಿದರೆ ಯಾವ ಕಡೆಯಿಂದ ನೋಡಿದರೂ ಸರಿ ಕಾಣಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತಳು. ಮುಖ ತೊಳೆದುಕೊಂಡಿದ್ದಳು. ಲಕ್ಷ್ಮೀ ಯಾರು, ಗ್ರಹಣಕ್ಕೆ ಕುಂಬಳಕಾಯಿ ಎಂತಕ್ಕೆ, ಹುಲಿಯಮ್ಮ ಈಗ ಮಾತಾಡ್ತ್ರಾ, ಅಂತೆಲ್ಲ ಒಂದೊಂದೇ ಕೇಳಿದಳು. ಹೇಳುತ್ತಾ ಹೋದೆ. ನನಗೇ ಗೊತ್ತಿಲ್ಲದಷ್ಟು ಹೇಳುವುದಿತ್ತು.

"ಹಂಗಾರೆ ಏಳನೇ ಕ್ಲಾಸು ಅಲ್ಲೇ ಇರ್ತು, ಅಲ್ದ?" ಅಂದಳು.

"ಇರ್ತು."

"ಜೂನಿಗೆ ಎಂಗೂ ಏಳನೇ ಕ್ಲಾಸು. ಆನೂ ಅಲ್ಲಿಗೇ ಬತ್ತಿ. ನಿನ್ನ ರೂಮಲ್ಲೇ ಇರ್ತಿ."

"ಅಲ್ಲಿ ಬ್ಯಾಡ," ಅಂದೆ. ಯೋಚನೆಯೇ ಮಾಡದೆ, ಅವಳ ಮಾತು ಮುಗಿಯುವ ಮೊದಲೇ.

"ಎಂತಕ್ಕೆ?"

ಇಂಗ್ಲಿಷ್ ಇಲ್ಲ. ಕಂಪ್ಯೂಟರ್ ಇಲ್ಲ. ಏಳು ತರಗತಿಗೆ ಇಬ್ಬರೇ ಟೀಚರು, ಅದರಲ್ಲೊಬ್ಬಳು ಅತಿಥಿ. ಎಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಯಮುನಮ್ಮನಿಗೆ ಇವು ಗೊತ್ತಿಲ್ಲವೇ? ಪೂರ್ಣೇಶ್‌ಗೆ? ಎಲ್ಲ ಗೊತ್ತಿದ್ದೂ ಅವರು ಮಕ್ಕಳನ್ನು ನನ್ನ ಮುಂದೆ ಕೂರಿಸಿದ್ದಾರೆ, ಆ ಎರಡು ಸಾಲು ನಂಬಿ ಸಹಿ ಹಾಕಿದ್ದಾರೆ. ಬರೆದವಳು ನಾನು. ನನ್ನ ಮಗಳಿಗೆ ಮಾತ್ರ ಅಲ್ಲಿ ಬೇಡ.

ಇಷ್ಟು ನಾಚಿಕೆ ನನಗೆ ಆ ಸಭೆಯಲ್ಲೂ ಆಗಿರಲಿಲ್ಲ.

ಅವಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

"ಬಾ," ಅಂದೆ.